ಸೋತ ಹುಡುಗನೂ ನಮ್ಮವನೇ

ಮಲೆನಾಡಿನಲ್ಲಿ ಶಾಲಾ ಕ್ರೀಡಾಕೂಟವೆಂದರೆ ಮಳೆಯೊಡನೆ ಆಡುವ ಜೂಜು. ಹೋಬಳಿ ಮಟ್ಟದ ಪಂದ್ಯಗಳು ಬರುವುದೇ ಆಗಸ್ಟ್ ತಿಂಗಳ ಆಸುಪಾಸಿನಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆಗ ಮೈದಾನವೆಂಬುದು ಅರ್ಧ ಗದ್ದೆಯಾಗಿರುತ್ತದೆ. ದೈಹಿಕ ಶಿಕ್ಷಕರು ಸುಣ್ಣದ ಗೆರೆ ಎಳೆದು ಮುಗಿಸುವುದರೊಳಗೆ ಒಂದು ಮಳೆ ಬಂದು ಅದನ್ನು ಅಳಿಸಿ ಹೋಗುತ್ತದೆ. ಅವರು ಮತ್ತೆ ಎಳೆಯುತ್ತಾರೆ. ಮಕ್ಕಳು ಶಾಲೆಯ ಜಗಲಿಯಲ್ಲಿ ಸಾಲಾಗಿ ಕುಳಿತು ಮಳೆ ಬಿಡುವುದನ್ನೇ ಕಾಯುತ್ತಾರೆ.

ಕೆಲವು ವರ್ಷಗಳ ಹಿಂದೆ ಕೊಪ್ಪ ತಾಲ್ಲೂಕಿನ ಇಂತಹದೊಂದು ಕೂಟಕ್ಕೆ ನಾವು ಹೋಗಿದ್ದೆವು. ಓಟದ ಗೆರೆಯಾಚೆ ಒಬ್ಬ ಹುಡುಗ ತನ್ನ ಶಾಲೆಯ ಹುಡುಗರ ಚಪ್ಪಲಿ, ಅಂಗಿಗಳನ್ನು ಕಾಯುತ್ತಾ ನಿಂತಿದ್ದ. ಕಾಫಿ ತೋಟದ ಲೈನ್ ಮನೆಯ ಹುಡುಗ. ತಂದೆ ತಾಯಿ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಪಂದ್ಯಗಳ ನಡುವೆ ಬಿಡುವು ಸಿಕ್ಕಾಗ ಹುಡುಗರೆಲ್ಲ ತಮಾಷೆಗೆ ಓಡಿದರು. ಅವನೂ ಬರಿಗಾಲಲ್ಲಿ ಓಡಿದ. ಉಳಿದವರೆಲ್ಲ ಅವನ ಬೆನ್ನು ನೋಡಬೇಕಾಯಿತು.

"ಇವನನ್ನು ಯಾಕೆ ಓಡಿಸಲಿಲ್ಲ ಸಾರ್?" ಎಂದು ಮೇಷ್ಟ್ರನ್ನು ಕೇಳಿದೆವು.

"ಓಡ್ತಾನೆ ಸಾರ್, ಚೆನ್ನಾಗಿ ಓಡ್ತಾನೆ. ಆದರೆ ವಯಸ್ಸಿನ ದಾಖಲೆ ಇನ್ನೂ ಬಂದಿಲ್ಲ. ಮುಂದಿನ ವರ್ಷ ನೋಡೋಣ" ಎಂದರು. ಒಳ್ಳೆಯ ಮನುಷ್ಯ. ಅವರ ದನಿಯಲ್ಲಿ ಬೇಸರವಿತ್ತು.

ಮುಂದಿನ ವರ್ಷ ವಿಚಾರಿಸಿದಾಗ ಹುಡುಗ ಇರಲಿಲ್ಲ. ಕೊಯ್ಲು ಮುಗಿದ ಮೇಲೆ ತಂದೆ ತಾಯಿ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದರು.

ಈ ಪ್ರಸಂಗವನ್ನು ನಾವು ಹಲವರ ಬಳಿ ಹೇಳಿಕೊಂಡಿದ್ದೇವೆ. ಕೇಳಿದವರೆಲ್ಲ "ಛೆ, ಒಳ್ಳೆಯ ಪ್ರತಿಭೆ ಹಾಳಾಯಿತು" ಎಂದಿದ್ದಾರೆ. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆದರೆ ಈಚೆಗೆ ಒಂದು ಪುಸ್ತಕ ಓದಿದ ಮೇಲೆ ನಮ್ಮ ಆ ಮರುಕವೇ ನಮ್ಮನ್ನು ಚುಚ್ಚತೊಡಗಿತು. ಅವನು ವೇಗವಾಗಿ ಓಡದೇ ಇದ್ದಿದ್ದರೆ ನಾವು ಮೇಷ್ಟ್ರನ್ನು ಆ ಪ್ರಶ್ನೆ ಕೇಳುತ್ತಿದ್ದೆವೆ? ಚಪ್ಪಲಿ ಕಾಯುವ ಸಾಧಾರಣ ಹುಡುಗನೊಬ್ಬ ನಮ್ಮ ಕಣ್ಣಿಗೆ ಬೀಳುತ್ತಿದ್ದನೆ?

ಆ ಪುಸ್ತಕದ ಹೆಸರು 'ಲೈಫ್ ಬಿಗಿನ್ಸ್ ಇನ್ ಲೀಟ್ರಿಮ್'. ಬರೆದವರು ಝ್ಯಾಕ್ ಮೊರಾದಿ, ಬಂದದ್ದು 2022ರಲ್ಲಿ. ಮೊರಾದಿ ಕುರ್ದ್ ಜನಾಂಗದವರು. ಇರಾನ್-ಇರಾಕ್ ಯುದ್ಧದ ಕಾಲದಲ್ಲಿ ಮನೆ ಮಠ ಕಳೆದುಕೊಂಡ ಕುಟುಂಬ ಅವರದು. ಇರಾಕಿನ ರಮಾದಿ ಬಳಿಯ ನಿರಾಶ್ರಿತರ ಶಿಬಿರದಲ್ಲಿ 1991ರಲ್ಲಿ ಹುಟ್ಟಿದರು. 2002ರಲ್ಲಿ, ಹನ್ನೊಂದರ ಹರೆಯದಲ್ಲಿ, ವಿಶ್ವಸಂಸ್ಥೆಯ ಪುನರ್ವಸತಿ ಯೋಜನೆಯಡಿ ಐರ್‌ಲೆಂಡಿನ ಲೀಟ್ರಿಮ್ ಕೌಂಟಿಗೆ ಬಂದರು. ಶಾನನ್ ನದಿಯ ದಂಡೆಯ ಕ್ಯಾರಿಕ್ ಎಂಬ ಸಣ್ಣ ಪಟ್ಟಣ. ಇಂಗ್ಲಿಷ್ ಬಾರದು, ಮಳೆ ನಿಲ್ಲದು. ಅಲ್ಲಿ ಶಾಲೆಗೆ ಸೇರಿದ ಹುಡುಗನ ಕೈಗೆ ಒಂದು ಕೋಲು ಬಂತು. ಹರ್ಲಿಂಗ್ ಎಂಬ ಐರಿಷ್ ಆಟದ ಕೋಲು.

ನಮ್ಮ ಓದುಗರಿಗೆ ಈ ಆಟದ ಪರಿಚಯ ಕಡಿಮೆ. ನೋಡಲು ಹಾಕಿಯಂತೆ. ಆದರೆ ಚೆಂಡನ್ನು ನೆಲದಲ್ಲಿ ಉರುಳಿಸುವುದಕ್ಕಿಂತ ಗಾಳಿಯಲ್ಲಿ ಹೊಡೆಯುವುದೇ ಹೆಚ್ಚು. ತಂಡಕ್ಕೆ ಹದಿನೈದು ಜನ. ಐರಿಷರಿಗೆ ಇದು ಬರೀ ಆಟವಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ತಮ್ಮ ಭಾಷೆ, ತಮ್ಮ ಆಟಗಳು ಅಳಿಯಬಾರದೆಂಬ ಹಟದಿಂದ 1884ರಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದವರು ಅವರು. ಕ್ರಿಕೆಟ್, ರಗ್ಬಿಯಂತಹ 'ಪರದೇಶಿ ಆಟ' ಆಡಿದ ಸದಸ್ಯರನ್ನು ಹೊರಗಿಡುವ ನಿಯಮ ಆ ಸಂಸ್ಥೆಯಲ್ಲಿ 1971ರವರೆಗೂ ಇತ್ತು. ಸಂಸ್ಥೆಯ ಕೇಂದ್ರವಾದ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ 1920ರ ನವೆಂಬರ್ 21ರಂದು ಬ್ರಿಟಿಷ್ ಪಡೆಗಳು ಪಂದ್ಯದ ನಡುವೆಯೇ ಗುಂಡು ಹಾರಿಸಿ 14 ಜನರ ಪ್ರಾಣ ತೆಗೆದವು. ಒಂದು ರೀತಿಯಲ್ಲಿ ಅದು ಅವರ ಜಲಿಯನ್ ವಾಲಾ ಬಾಗ್. ಇಷ್ಟೊಂದು ರಾಷ್ಟ್ರಾಭಿಮಾನ ತುಂಬಿರುವ ಆಟ ಪರದೇಶಿ ಹುಡುಗನಿಗೆ ಬಾಗಿಲು ಮುಚ್ಚಿರಬೇಕಿತ್ತು. ಹಾಗಾಗಲಿಲ್ಲ. ಕಾರಣವನ್ನು ಹುಡುಕಿದರೆ ಅದು ಮಲೆನಾಡಿಗರಿಗೆ ಸುಲಭವಾಗಿ ಅರ್ಥವಾಗುವಂಥದ್ದು.

ಲೀಟ್ರಿಮ್ ಖಾಲಿಯಾದ ಊರು. 1841ರಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಬರಗಾಲ ಬಂತು, ಜನ ಸತ್ತರು, ಉಳಿದವರು ಹಡಗು ಹತ್ತಿದರು. 1996ರ ಹೊತ್ತಿಗೆ ಉಳಿದವರು ಸುಮಾರು 25 ಸಾವಿರ. 2022ರ ಜನಗಣತಿಯಲ್ಲಿ ಸಂಖ್ಯೆ 35 ಸಾವಿರಕ್ಕೆ ಏರಿದೆ. ಹೆಚ್ಚುಕಡಿಮೆ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಇಂತಹ ಊರಿನಲ್ಲಿ ಹದಿನೈದು ಹುಡುಗರನ್ನು ಒಟ್ಟುಮಾಡುವುದೇ ಕಷ್ಟ. ಬಂದವನು ಯಾರೇ ಆಗಲಿ, ಅವನಿಗೆ ಕೋಲು ಕೊಡಬೇಕು, ಹೊಡೆಯುವುದನ್ನು ಕಲಿಸಬೇಕು. ಇಲ್ಲದಿದ್ದರೆ ಆಟವೇ ನಿಲ್ಲುತ್ತದೆ.

ಪುಸ್ತಕದ ಉಪಶೀರ್ಷಿಕೆ 'ಕುರ್ದಿಸ್ತಾನದಿಂದ ಕ್ರೋಕ್ ಪಾರ್ಕಿಗೆ' ಎಂಬರ್ಥದ್ದು. ಪ್ರಕಾಶಕರಿಗೆ ಇಂತಹ ಸಾಲು ಬೇಕು. ಶಿಬಿರದಲ್ಲಿ ಹುಟ್ಟಿದವನು ದೇಶದ ದೊಡ್ಡ ಮೈದಾನದಲ್ಲಿ ಕಪ್ ಎತ್ತಿದ ಕತೆ ಮಾರಾಟವಾಗುತ್ತದೆ. ಇದು ಸುಳ್ಳಲ್ಲ. 2019ರಲ್ಲಿ ಲೀಟ್ರಿಮ್ ತಂಡ ಕ್ರೋಕ್ ಪಾರ್ಕಿನಲ್ಲಿ ಲೋರಿ ಮಾಹರ್ ಕಪ್ ಗೆದ್ದಿತು. ಮೊರಾದಿ ಆ ತಂಡದಲ್ಲಿದ್ದರು. ಆದರೆ ಪುಸ್ತಕದ ಬೆನ್ನುಡಿ ಓದಿ ಮುಗಿಸುವವರು ಗಮನಿಸದ ಸಂಗತಿಯೊಂದಿದೆ. ಲೋರಿ ಮಾಹರ್ ಕಪ್ ಎಂಬುದು ಕೌಂಟಿಗಳ ನಡುವಿನ ಹರ್ಲಿಂಗ್ ಪಂದ್ಯಾವಳಿಗಳಲ್ಲಿ ಐದನೆಯ, ಅಂದರೆ ಕಟ್ಟಕಡೆಯ ದರ್ಜೆಯದು. ಅಂದು ಎದುರಾಳಿಯಾಗಿದ್ದದ್ದು ಲಂಕಾಷೈರ್, ಇಂಗ್ಲೆಂಡಿಗೆ ವಲಸೆ ಹೋದ ಐರಿಷರ ನಡುವಿನಿಂದ ಬೆಳೆದ ತಂಡ. ಒಂದು ಕಡೆ ವಲಸೆ ಬಂದ ಹುಡುಗ, ಇನ್ನೊಂದು ಕಡೆ ವಲಸೆ ಹೋದವರ ಪರಂಪರೆ. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಒಂದೇ ಒಂದು ಅಂಕದಲ್ಲಿ ತೀರ್ಮಾನವಾಯಿತು.

ಮೊರಾದಿ ಹರ್ಲಿಂಗಿನ ತೆಂಡೂಲ್ಕರ್ ಅಲ್ಲ. ಅಲ್ಲಿ ಯಾರಿಗೂ ಸಂಬಳವಿಲ್ಲ, ಕ್ರೋಕ್ ಪಾರ್ಕಿನಲ್ಲಿ ಆಡಿದವನೂ ಸೋಮವಾರ ಕೆಲಸಕ್ಕೆ ಹೋಗಬೇಕು. ಕುಟುಂಬ ಡಬ್ಲಿನ್ ಸಮೀಪದ ಟ್ಯಾಲಾ ಎಂಬಲ್ಲಿಗೆ ಹೋಗಿ ನೆಲೆಸಿದ ಮೇಲೂ ಅವರು ಲೀಟ್ರಿಮ್ ಪರವಾಗಿ ಆಡಲು ಅಷ್ಟು ದೂರ ಪ್ರಯಾಣ ಮಾಡುತ್ತಿದ್ದರು. ಕಟ್ಟಕಡೆಯ ದರ್ಜೆಯ ತಂಡವೊಂದಕ್ಕಾಗಿ ಮನುಷ್ಯ ಇಷ್ಟು ಪಾಡು ಪಡುತ್ತಾನೆಂದರೆ ಕಾರಣ ಕಪ್ ಅಲ್ಲ. ಇಲ್ಲಿ ತನ್ನನ್ನು ಯಾರೂ 'ನೀನು ಎಲ್ಲಿಯವನು?' ಎಂದು ಕೇಳುವುದಿಲ್ಲ ಎಂಬುದು. ಈ ಪುಸ್ತಕದ ನಿಜವಾದ ಕತೆ ಅದು. ಉಪಶೀರ್ಷಿಕೆ ಹೇಳುವ ಗೆಲುವಿನ ಕತೆಗಿಂತ ದೊಡ್ಡದು. ಪುಸ್ತಕದ ಬಗ್ಗೆ ನಮ್ಮ ಆಕ್ಷೇಪವೂ ಇದೇ. ಒಳಗಿರುವ ದೊಡ್ಡ ಕತೆಯನ್ನು ಅದರ ಹೊರಮೈ ಸಣ್ಣದಾಗಿಸುತ್ತದೆ.

ಗೆದ್ದ ವಲಸಿಗನ ಕತೆಯನ್ನು ಮೆಚ್ಚುವುದರಲ್ಲಿ ಅಪಾಯವೇನು ಎಂದು ಕೇಳಬಹುದು. ಅದರ ಉತ್ತರ ನಮ್ಮ ಕಾಲದ ಮೈದಾನಗಳಲ್ಲೇ ಬಿದ್ದಿದೆ. ಟರ್ಕಿ ಮೂಲದ ಮೆಸುಟ್ ಓಝಿಲ್ 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದರು. 2018ರಲ್ಲಿ ತಂಡ ಮೊದಲ ಸುತ್ತಿನಲ್ಲೇ ಸೋತು ಬಂತು. ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ ಎಂಬ ನೋವು ತೋಡಿಕೊಂಡು ಅವರು ರಾಷ್ಟ್ರೀಯ ತಂಡದಿಂದ ಹೊರನಡೆದರು. ನಮ್ಮಲ್ಲಿ 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಪಾಕಿಸ್ತಾನದೆದುರು ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಹನ್ನೊಂದು ಜನ ಆಡಿ ಸೋತರು, ದೇಶಪ್ರೇಮದ ಪರೀಕ್ಷೆ ಮಾತ್ರ ಮೊಹಮ್ಮದ್ ಶಮಿಯೊಬ್ಬರಿಗೆ. 2023ರ ವಿಶ್ವಕಪ್‌ನಲ್ಲಿ ಅದೇ ಶಮಿ 24 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದಾಗ ಹೊಗಳಿಕೆಯ ಸುರಿಮಳೆಯಾಯಿತು. ಆ ಹೊಗಳಿಕೆ ಕೇಳಿ ನಾವು ಹಿಗ್ಗಿದೆವು. ಹಿಗ್ಗುವ ಮೊದಲು ಒಂದು ಕ್ಷಣ ಯೋಚಿಸಬೇಕಿತ್ತು. 24 ವಿಕೆಟ್ ಕೊಟ್ಟು ಪಡೆದ ಪ್ರೀತಿಯನ್ನು ಇನ್ನೊಂದು ಸೋಲು ವಾಪಸು ಕೇಳುವುದಿಲ್ಲ ಎಂಬ ಭರವಸೆ ಯಾರು ಕೊಟ್ಟಿದ್ದಾರೆ?

2007ರಲ್ಲಿ ಬಂದ 'ಚಕ್ ದೇ ಇಂಡಿಯಾ' ಸಿನಿಮಾವನ್ನು ನಮ್ಮ ಮನೆಗಳಲ್ಲಿ ಕಣ್ಣೊರೆಸಿಕೊಂಡು ನೋಡಿದವರು ಬಹಳ. ಪಾಕಿಸ್ತಾನದೆದುರು ಪೆನಾಲ್ಟಿ ತಪ್ಪಿಸಿದ ಮುಸ್ಲಿಂ ಹಾಕಿ ಆಟಗಾರ ದ್ರೋಹಿಯೆನಿಸಿಕೊಳ್ಳುತ್ತಾನೆ. ವರ್ಷಗಳ ಬಳಿಕ ಹೆಣ್ಣುಮಕ್ಕಳ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿ ಕಳಂಕ ತೊಳೆದುಕೊಳ್ಳುತ್ತಾನೆ. ಚಿತ್ರ ಚೆನ್ನಾಗಿದೆ, ಅದರ ಕಾಳಜಿಯೂ ಪ್ರಾಮಾಣಿಕ. ಆದರೂ ಕೊನೆಗೆ ಅದು ಹೇಳುವುದೇನು? ಗೆದ್ದರೆ ಕಳಂಕ ಹೋಗುತ್ತದೆ ಎಂದು. ವಿಶ್ವಕಪ್ ಸೋತಿದ್ದರೆ ಆತನ ಮನೆಯ ಗೋಡೆಯ ಮೇಲೆ ಬರೆದ ಮಾತು ಹಾಗೆಯೇ ಉಳಿಯುತ್ತಿತ್ತೇ ಎಂಬ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ಒಬ್ಬ ಮನುಷ್ಯನ ನಾಗರಿಕತ್ವ ಪೆನಾಲ್ಟಿ ಹೊಡೆತದ ಮೇಲೆ ನಿಲ್ಲಬಾರದು. ಪೆನಾಲ್ಟಿ ತಪ್ಪುವುದು ಆಟದ ಭಾಗ. ತಪ್ಪಿಸುವ ಹಕ್ಕು ಎಲ್ಲರಿಗೂ ಇರಬೇಕು.

ಶಾಲೆಯ ಮೈದಾನ ಈ ಹಕ್ಕನ್ನು ಕಲಿಸಬೇಕಾದ ಮೊದಲ ಜಾಗ. ನಮ್ಮ ಮೂರು ತಾಲ್ಲೂಕುಗಳ ಕಡೆಗೆ ತಿರುಗೋಣ.

ಈ ಸೀಮೆ ಬಂದವರಿಂದಲೇ ಕಟ್ಟಿದ ಸೀಮೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಆಳುಗಳಿದ್ದಾರೆ, ಅವರನ್ನು ಕರೆತರುವ ಸೇರೆಗಾರರಿದ್ದಾರೆ. ಬ್ಯಾರಿಗಳು ವ್ಯಾಪಾರಕ್ಕೆಂದು ಘಟ್ಟ ಹತ್ತಿದರು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ಕೃಷಿ ಮಾಡಿ ನೆಲೆಸಿದ ಕುಟುಂಬಗಳಿವೆ. ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬೇರೆ ಊರಿನ ಶಾಲೆಯ ಬೆಂಚಿನಲ್ಲಿ ಹೊಸಬರಾಗಿ ಕುಳಿತ ಮಕ್ಕಳು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಶೃಂಗೇರಿಗೆ ಸಂಸ್ಕೃತ ಓದಲು ದೂರದ ರಾಜ್ಯಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಈಗ ತೋಟಗಳಿಗೆ ಅಸ್ಸಾಂ, ಬಿಹಾರ, ಜಾರ್ಖಂಡ್‌ಗಳಿಂದ ಕಾರ್ಮಿಕರು ಬರುತ್ತಿದ್ದಾರೆ.

ಅದೇ ಹೊತ್ತಿಗೆ ಈ ಸೀಮೆ ಲೀಟ್ರಿಮ್‌ನಂತೆ ಖಾಲಿಯೂ ಆಗುತ್ತಿದೆ. ಅಡಿಕೆಗೆ ಹಳದಿ ಎಲೆ ರೋಗ ಬಿದ್ದ ಶೃಂಗೇರಿ, ಕೊಪ್ಪದ ಮನೆಗಳಲ್ಲಿ ಅಪ್ಪ ಅಮ್ಮ ಮಾತ್ರ ಉಳಿದು ಮಕ್ಕಳು ಬೆಂಗಳೂರು ಸೇರಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿಯುತ್ತಿದೆ. ಕೆಲವು ಕಡೆ ಶಾಲೆಯ ಬಾಗಿಲು ತೆರೆದಿರುವುದೇ ಲೈನ್ ಮನೆಯ ಮಕ್ಕಳಿಂದ. ಊರ ಶಾಲೆಯನ್ನು ಉಳಿಸುತ್ತಿರುವ ಮಗುವನ್ನೇ ಊರಿನವನಲ್ಲ ಎಂದು ಓಟದ ಗೆರೆಯಾಚೆ ನಿಲ್ಲಿಸುವುದು ಎಂತಹ ವಿಪರ್ಯಾಸ!

ತಪ್ಪು ಮೇಷ್ಟ್ರದ್ದಲ್ಲ. ವ್ಯವಸ್ಥೆಯ ಕಟ್ಟೋಣವೇ ಹಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಹಳ ಉದಾರವಾದದ್ದು. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ ಅದರ 14ನೇ ಕಲಂ. ತರಗತಿಯ ಬಾಗಿಲು ಹೀಗೆ ತೆರೆಯಿತು. ಮೈದಾನದ ಬಾಗಿಲು ತೆರೆಯಲಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುವ ಕ್ರೀಡಾಕೂಟದ ಏಣಿಯಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ವಿಂಗಡಣೆಯಿದೆ. ವಯಸ್ಸು ಮರೆಮಾಚಿ ಆಡಿಸುವ ಮೋಸ ತಡೆಯಲು ದಾಖಲೆ ಕೇಳುತ್ತಾರೆ. ಅದು ನ್ಯಾಯವೇ. ಐರ್‌ಲೆಂಡಿನಲ್ಲೂ ವಯಸ್ಸಿನ ವಿಂಗಡಣೆ ಇದೆ. ತೊಂದರೆ ಇರುವುದು ಬೇರೆಡೆ. ನಮ್ಮಲ್ಲಿ ಆಯ್ಕೆಯ ಪಂದ್ಯವೇ ಆಟ. ಅದರಾಚೆ ಆಟವಿಲ್ಲ. ಹೋಬಳಿಗೆ ಹೋಗದ ಮಗುವಿಗೆ ವರ್ಷವಿಡೀ ಆಡಲು ಏನೂ ಉಳಿದಿರುವುದಿಲ್ಲ.

ಅದೇ ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ಹಿರಿಯ ಪ್ರಾಥಮಿಕ ಹಂತದಲ್ಲಿ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡುವುದು ಮಕ್ಕಳ ಸಂಖ್ಯೆ ನೂರು ದಾಟಿದಲ್ಲಿ ಮಾತ್ರ. ಬಯಲುಸೀಮೆಯ ದೊಡ್ಡ ಊರುಗಳಿಗೆ ಈ ಲೆಕ್ಕ ಸರಿಹೋಗಬಹುದು. ಗುಡ್ಡಕ್ಕೊಂದು ಮನೆ, ಹತ್ತು ಮನೆಗೊಂದು ಊರು ಇರುವ ಮಲೆನಾಡಿನಲ್ಲಿ ನೂರು ಮಕ್ಕಳು ಎಲ್ಲಿಂದ ಬರಬೇಕು? ಕನ್ನಡವೂ ಬಾರದ ಹೊಸ ಹುಡುಗನಿಗೆ ಮಾತಿಲ್ಲದೆ ಗೆಳೆತನ ಕೊಡಬಲ್ಲ ಒಂದೇ ವಿಷಯ ಆಟ. ಅದನ್ನು ಕಲಿಸುವವರೇ ಅವನ ಶಾಲೆಯಲ್ಲಿಲ್ಲ.

ಇದೇ ನೆಲದಲ್ಲಿ ಬೇರೆಯೇ ರೀತಿ ನಡೆಯುವ ಒಂದು ಶಾಲೆಯೂ ಇದೆ. ಬಾಳೆಹೊನ್ನೂರಿನ ಸಮೀಪ ಸೀಗೋಡಿನಲ್ಲಿ, ಕಾಫಿ ಸಂಶೋಧನಾ ಕೇಂದ್ರದ ಆಸುಪಾಸಿನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸುಗಳಾದ ಈ ನವೋದಯ ಶಾಲೆಗಳಲ್ಲಿ 'ಮೈಗ್ರೇಷನ್' ಎಂಬ ವಿಶಿಷ್ಟ ಪದ್ಧತಿಯಿದೆ. ಒಂಬತ್ತನೇ ತರಗತಿಯ ಶೇಕಡಾ 30ರಷ್ಟು ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷಾ ಪ್ರದೇಶದ ಶಾಲೆಗೆ ಹೋಗುತ್ತಾರೆ. ಇಲ್ಲಿಯ ಮಕ್ಕಳು ಹಿಂದಿ ಸೀಮೆಗೆ, ಅಲ್ಲಿಯವರು ಇಲ್ಲಿಗೆ. ಐರ್‌ಲೆಂಡಿನ ಶಾಲೆಗಳಲ್ಲಿ ಹದಿನೈದು ಹದಿನಾರರ ವಯಸ್ಸಿನಲ್ಲಿ 'ಟ್ರಾನ್ಸಿಷನ್ ಇಯರ್' ಎಂಬ, ದೊಡ್ಡ ಪರೀಕ್ಷೆಯ ಹೊರೆಯಿಲ್ಲದ ವರ್ಷವಿದೆ. ಸ್ಪೇನಿನಂತಹ ದೇಶಗಳ ಮಕ್ಕಳು ಆ ಒಂದು ವರ್ಷಕ್ಕೆಂದು ಅಲ್ಲಿಗೆ ಬಂದು ಹೋಗುವುದುಂಟು. ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ಒಂದು ವರ್ಷದ ನಂಟು.

ನವೋದಯದಲ್ಲಿ ಹೊಸದಾಗಿ ಬಂದ ಮಗು ಆಡಲು ಅರ್ಜಿ ಹಾಕಬೇಕಿಲ್ಲ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ನಾಲ್ಕು ಸದನಗಳಲ್ಲಿ ಒಂದಕ್ಕೆ ಸೇರಿಕೊಳ್ಳುತ್ತದೆ. ಸಂಜೆಯ ಆಟ ದಿನಚರಿಯ ಭಾಗ. ಖೋಖೋದಲ್ಲಿ ಬೆನ್ನಿಗೆ ಕೈತಟ್ಟಿ 'ಖೋ' ಎನ್ನಲು ಕನ್ನಡವೂ ಬೇಡ, ಹಿಂದಿಯೂ ಬೇಡ. ಆಟ ಮುಗಿಯುವ ಹೊತ್ತಿಗೆ ಎರಡೂ ಭಾಷೆಯ ನಾಲ್ಕು ಮಾತು ಬಂದಿರುತ್ತವೆ. ಒಂದು ವರ್ಷಕ್ಕೆ ಬಂದವನು ಸದನಕ್ಕೆ ಕಪ್ ತಂದುಕೊಡಲೇಬೇಕೆಂದೇನೂ ಇಲ್ಲ. ಅವನು ಸದನದವನು, ಅಷ್ಟೇ. ಹೌದು, ಇದು ಪ್ರವೇಶ ಪರೀಕ್ಷೆಯಲ್ಲಿ ಆರಿಸಿದ ಮಕ್ಕಳ ವಸತಿ ಶಾಲೆ, ಜಿಲ್ಲೆಗೊಂದೇ. ಆದರೆ ಸರ್ಕಾರಕ್ಕೆ ಈ ವಿದ್ಯೆ ಗೊತ್ತಿಲ್ಲ ಎನ್ನುವಂತಿಲ್ಲ. ಸೀಗೋಡಿನಲ್ಲಿ ಸಾಧ್ಯವಾದದ್ದು ಅಲ್ಲಿಂದ ಕೂಗಳತೆಯ ತೋಟದ ಶಾಲೆಗೆ ಯಾಕೆ ಬರಬಾರದು?

ಐರ್‌ಲೆಂಡನ್ನು ನಾವು ಸ್ವರ್ಗ ಮಾಡುತ್ತಿಲ್ಲ. 2022ರ ಜನಗಣತಿಯಂತೆ ಅಲ್ಲಿಯ ನಿವಾಸಿಗಳಲ್ಲಿ ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಆ ಬದಲಾವಣೆಯನ್ನು ಸಹಿಸದ ಜನ ಅಲ್ಲೂ ಇದ್ದಾರೆ. ಆಶ್ರಯ ಕೋರಿ ಬಂದವರ ಮಕ್ಕಳನ್ನು ಒಂದು ಊರಿನ ವಸತಿ ಕೇಂದ್ರದಿಂದ ಇನ್ನೊಂದು ಊರಿಗೆ ಸಾಗಿಸಿದರೆ ಅವರು ಶಾಲೆಯ ಜೊತೆ ತಂಡವನ್ನೂ ಕಳೆದುಕೊಳ್ಳುತ್ತಾರೆ. ಮೊರಾದಿ ಬೆಳೆದ ಅದೇ ಟ್ಯಾಲಾದಲ್ಲಿ 2025ರ ಜುಲೈ 19ರಂದು ಭಾರತೀಯನೊಬ್ಬನನ್ನು ಗುಂಪೊಂದು ಹೊಡೆದು ಬಟ್ಟೆ ಕಿತ್ತು ಬೀದಿಯಲ್ಲಿ ಬಿಟ್ಟು ಹೋಯಿತು. ಅಲ್ಲಿ ಶುಶ್ರೂಷಕಿಯರಾಗಿ ದುಡಿಯುತ್ತಿರುವ ಕರ್ನಾಟಕ, ಕೇರಳದ ಹೆಣ್ಣುಮಕ್ಕಳ ಮನೆಗಳಲ್ಲಿ ಆ ವಾರ ಎಂತಹ ಭಯವಿತ್ತೆಂದು ಊಹಿಸಬಹುದು. ಹರ್ಲಿಂಗ್ ಕೋಲು ಎಲ್ಲ ರೋಗಕ್ಕೂ ಮದ್ದಲ್ಲ.

ಆದರೂ ಒಂದು ದೃಶ್ಯವನ್ನು ಮರೆಯಲಾಗದು. ಕೊರೊನಾ ಕಾಲದಲ್ಲಿ ಮಸೀದಿಯೊಳಗೆ ಹೆಚ್ಚು ಜನ ಸೇರುವಂತಿರಲಿಲ್ಲ. 2020ರ ಜುಲೈ 31ರಂದು, ಬಕ್ರೀದ್ ದಿನ, ಕ್ರೋಕ್ ಪಾರ್ಕಿನ ಹುಲ್ಲಿನ ಮೇಲೆ ಸುಮಾರು ಇನ್ನೂರು ಮುಸ್ಲಿಮರು ಅಂತರ ಕಾಯ್ದುಕೊಂಡು ಈದ್ ನಮಾಝ್ ಮಾಡಿದರು. ಹಿಂದೊಮ್ಮೆ ಪರದೇಶಿ ಆಟಗಳಿಗೂ ಜಾಗವಿರದಿದ್ದ ಮೈದಾನ ಅದು. ತಮ್ಮ ರಾಷ್ಟ್ರದ ನೆತ್ತರು ಬಿದ್ದ ಹುಲ್ಲಿನ ಮೇಲೆ ಇನ್ನೊಬ್ಬರ ಹಣೆಗೆ ಜಾಗ ಕೊಟ್ಟ ಐರಿಷರ ರಾಷ್ಟ್ರಾಭಿಮಾನ ಅದರಿಂದ ಒಂದಿಂಚೂ ಕಡಿಮೆಯಾಗಲಿಲ್ಲ. ಇತ್ತೀಚೆಗೆ ರಾಷ್ಟ್ರಾಭಿಮಾನದ ಬಗ್ಗೆ ಪಾಠ ಹೇಳುವವರು ಹೆಚ್ಚಿರುವ ನಮ್ಮ ನಾಡಿನಲ್ಲಿ ಇದನ್ನು ನೆನಪಿಸುವುದು ಅಗತ್ಯ.

ಹೆಣ್ಣುಮಕ್ಕಳ ಮಾತು ಬಂದರೆ ಕೊಪ್ಪವನ್ನು ದಾಟಿ ಹೋಗುವಂತಿಲ್ಲ. 2022ರ ಜನವರಿಯಲ್ಲಿ ಕೊಪ್ಪದ ಕಾಲೇಜೊಂದರಲ್ಲೂ ಹಿಜಾಬ್‌ಗೆ ಎದುರಾಗಿ ಕೇಸರಿ ಶಾಲುಗಳು ಬಂದವು. ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪುಗಳು ಓದುಗರಿಗೆ ಗೊತ್ತು. ಅದೇ ಕಾಲಕ್ಕೆ ಜಗತ್ತಿನ ಮೈದಾನಗಳು ಬೇರೆ ದಿಕ್ಕಿನಲ್ಲಿ ನಡೆದಿದ್ದವು. ತಲೆವಸ್ತ್ರ ತೊಟ್ಟು ಆಡುವುದಕ್ಕಿದ್ದ ನಿಷೇಧವನ್ನು ಫುಟ್‌ಬಾಲಿನ ಫಿಫಾ 2014ರಲ್ಲೂ, ಬಾಸ್ಕೆಟ್‌ಬಾಲಿನ ಫಿಬಾ 2017ರಲ್ಲೂ ತೆಗೆದುಹಾಕಿದ್ದವು. ವಿಶ್ವಕಪ್ ಆಡುವ ಹೆಣ್ಣಿಗೆ ತೊಡಕಾಗದ ಬಟ್ಟೆ ಹೋಬಳಿ ಮಟ್ಟದ ಥ್ರೋಬಾಲ್ ಆಡುವ ಹುಡುಗಿಗೆ ತೊಡಕಾಗುವುದು ಹೇಗೆ?

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಬೇರೆಯವರ ಮೈದಾನದ ಗೆರೆಗಳನ್ನು ಎಣಿಸುವ ಮೊದಲು ನಮ್ಮ ಅಂಗಳದಲ್ಲಿ ಎಳೆದಿರುವ ಗೆರೆಗಳನ್ನೂ ನೋಡಬೇಕು. ಹೈಸ್ಕೂಲಿಗೆ ಬಂದ ಮಗಳು ಆಟಕ್ಕೆ ನಿಲ್ಲುತ್ತೇನೆಂದರೆ 'ಇನ್ನು ಸಾಕು' ಎನ್ನುವವರು ಯಾರು? ಅವಳ ತಲೆವಸ್ತ್ರಕ್ಕಾಗಿ ಬೀದಿಗಿಳಿದು ಮಾತಾಡುವ ನಾವು ಅವಳ ಬೂಟಿಗಾಗಿ ಎಂದಾದರೂ ಮಾತಾಡಿದ್ದೇವೆಯೇ? ಮೈದಾನದಿಂದ ಅವಳನ್ನು ಹೊರಗಿಡಲು ಒಬ್ಬರು ಬಟ್ಟೆಯ ನೆಪ ಹೇಳುತ್ತಾರೆ, ನಾವು ಮರ್ಯಾದೆಯ ನೆಪ ಹೇಳುತ್ತೇವೆ. ಹೊರಗೆ ನಿಂತ ಹುಡುಗಿಗೆ ಎರಡೂ ಒಂದೇ.

ಇನ್ನೊಂದು ರೋಗವೂ ಹರಡುತ್ತಿದೆ. ಮೊದಲು ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಎಂದರೆ ಊರಿಗೆ ಊರೇ ಸೇರುತ್ತಿತ್ತು. ತಂಡಗಳಿಗೆ ಊರಿನ ಹೆಸರಿರುತ್ತಿತ್ತು. ಈಗ ಜಾತಿಗೊಂದು, ಸಮುದಾಯಕ್ಕೊಂದು ಪ್ರೀಮಿಯರ್ ಲೀಗ್. 'ಸಮಾಜ ಬಾಂಧವರಿಗೆ ಮಾತ್ರ' ಎಂದು ಬ್ಯಾನರಿನಲ್ಲೇ ಬರೆಯುತ್ತಾರೆ. ಮುಸ್ಲಿಂ ಯುವಕರ ಸಂಘಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹೊರಗಿನ ದ್ವೇಷಕ್ಕೆ ಹೆದರಿ ಒಳಗೆ ಸೇರಿಕೊಂಡೆವೆಂದು ಸಮಜಾಯಿಷಿ ಹೇಳಬಹುದು. ಆದರೆ ನಮ್ಮವರಿಗಷ್ಟೇ ಎಂದು ಮೈದಾನಕ್ಕೆ ಬೇಲಿ ಹಾಕಿದ ಮೇಲೆ ಶಾಲೆಯ ಮೈದಾನದಲ್ಲಿ ನಮ್ಮ ಮಗುವಿಗೆ ಸಮಪಾಲು ಕೇಳುವ ನೈತಿಕ ಬಲ ಎಲ್ಲಿಂದ ತರುತ್ತೇವೆ? ಐರ್‌ಲೆಂಡಿನ ಗೇಲಿಕ್ ಕ್ಲಬ್ಬುಗಳ ಮೂಲ ತತ್ವ ಸರಳ. ಯಾವ ಊರಿನಲ್ಲಿ ವಾಸವೋ ಆ ಊರಿನ ತಂಡ. ಮೇಯೋ ಕೌಂಟಿಯ ಬ್ಯಾಲಿಹಾನಿಸ್ ಎಂಬ ಸಣ್ಣ ಪಟ್ಟಣದಲ್ಲಿ ಹಲಾಲ್ ಮಾಂಸದ ಕಾರ್ಖಾನೆಗೆ ದುಡಿಯಲು ಬಂದವರು 1987ರಲ್ಲಿ ಮಸೀದಿ ಕಟ್ಟಿಕೊಂಡರು. ಅವರ ಮಕ್ಕಳು ಬೇರೆ ಮುಸ್ಲಿಂ ಲೀಗ್ ಕಟ್ಟದೆ ಊರ ತಂಡಕ್ಕೇ ಹೋದರು. ಪಾಕಿಸ್ತಾನದಲ್ಲಿ ಹುಟ್ಟಿ ಅದೇ ಸೀಮೆಯಲ್ಲಿ ಬೆಳೆದ ಶೆಹರೋಝ್ ಅಕ್ರಂ 2016ರಲ್ಲಿ ಅಖಿಲ ಐರ್‌ಲೆಂಡ್ 21 ವರ್ಷದೊಳಗಿನವರ ಗೇಲಿಕ್ ಫುಟ್‌ಬಾಲ್ ಗೆದ್ದ ಮೇಯೋ ತಂಡದಲ್ಲಿದ್ದರು. ಮಸೀದಿಯೂ ಉಳಿಯಿತು, ತಂಡವೂ ಉಳಿಯಿತು.

ಹಾಗಾದರೆ ಆಗಬೇಕಾದದ್ದೇನು? ದೊಡ್ಡ ಯೋಜನೆಗಳ ಮಾತು ಬೇಡ. ತರಗತಿಗೆ ಸೇರಿಸಿಕೊಂಡ ದಿನವೇ ಮಗುವಿನ ಹೆಸರು ಶಾಲೆಯ ಒಂದು ತಂಡದಲ್ಲಿ ಬರೆಯಲಿ. ದಾಖಲೆ ಬರುವವರೆಗೆ ಹೋಬಳಿಗೆ ಹೋಗದಿದ್ದರೂ ಚಿಂತೆಯಿಲ್ಲ, ಶಾಲೆಯೊಳಗೆ ಪ್ರತಿ ವಾರ ಆಡಲಿ. ಇಪ್ಪತ್ತು ಮಕ್ಕಳ ನಾಲ್ಕು ಶಾಲೆಗಳು ಸೇರಿ ಒಬ್ಬ ದೈಹಿಕ ಶಿಕ್ಷಕರನ್ನು ಹಂಚಿಕೊಳ್ಳುವಂತೆ ಇಲಾಖೆ ಲೆಕ್ಕ ಬದಲಿಸಲಿ. ಗುಡ್ಡಗಾಡಿಗೆ ನೂರರ ನಿಯಮ ಹೊಂದುವುದಿಲ್ಲವೆಂದು ನಮ್ಮ ಶಾಸಕರು ವಿಧಾನಸಭೆಯಲ್ಲಿ ಹೇಳಲಿ. ಸಮುದಾಯದ ಲೀಗುಗಳು ಮುಂದಿನ ಬ್ಯಾನರಿನಲ್ಲಿ 'ಮಾತ್ರ' ಎಂಬ ಒಂದು ಪದ ತೆಗೆಯಲಿ. ಮಸೀದಿಯ ಕಮಿಟಿಯವರು, ಸಂಘದವರು, ಹಳೆ ವಿದ್ಯಾರ್ಥಿಗಳು ಕಪ್‌ಗಳಿಗೆ ಖರ್ಚು ಮಾಡುವ ಹಣದಲ್ಲಿ ಅರ್ಧವನ್ನು ಬೂಟಿಗೆ, ಚೆಂಡಿಗೆ ಕೊಡಲಿ.

ಎಲ್ಲಕ್ಕಿಂತ ಮೊದಲು ನಮ್ಮ ಕಣ್ಣು ಬದಲಾಗಬೇಕು. ಆ ಮಳೆಗಾಲದ ಮೈದಾನದಲ್ಲಿ ನಾವು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಇಷ್ಟು ಚೆನ್ನಾಗಿ ಓಡುವವನನ್ನು ಯಾಕೆ ಓಡಿಸಲಿಲ್ಲ ಎಂಬ ದನಿಯಲ್ಲಿ ಕೇಳಿದ್ದೆವು. ಚಪ್ಪಲಿ ಕಾಯಲು ನಿಂತದ್ದು ಇವನೇ ಯಾಕೆ ಎಂದು ಕೇಳಬೇಕಿತ್ತು. ಈ ವರ್ಷದ ಕೂಟದಲ್ಲೂ ಯಾವುದೋ ಶಾಲೆಯ ಗೆರೆಯಾಚೆ ಅಂತಹ ಒಬ್ಬ ಮಗು ನಿಂತಿರುತ್ತದೆ. ಅದು ಓಡಿ ಕೊನೆಯವನಾಗಿ ಬಂದು, ಏದುಸಿರು ಬಿಡುತ್ತಾ, ಕೆಸರು ಮೆತ್ತಿದ ಕಾಲಲ್ಲಿ ತನ್ನ ಶಾಲೆಯ ಗುಂಪಿಗೆ ಮರಳಿದಾಗ 'ಬಾರೋ' ಎಂದು ಜಾಗ ಬಿಡುವ ಹುಡುಗರಿದ್ದರೆ ಆ ಕೂಟ ಸಾರ್ಥಕ. ಕಪ್ ಯಾರ ಪಾಲಿಗಾದರೂ ಹೋಗಲಿ.